ಬಾಯಿಯಿಂದ ತುಂಬುವ ರೈಫಲ್: ಹೊಡೆದ ಮೇಲಿನ ಶುಚಿ ಮತ್ತು ಪಾಲನೆ

ಮದ್ದನ್ನೂ ಗುಂಡನ್ನೂ ನಳಿಗೆಯ ಬಾಯಿಯಿಂದಲೇ ಹಾಕಿ ಗಜದಿಂದ ಜಡಿಯುವ ಕೋವಿಗಳಲ್ಲಿ, ನಳಿಗೆಯ ಒಳಮೈಗೆ ಸುರುಳಿ ಗೀರುಗಳಿರುವ ಬಗೆಯೇ ಬಾಯಿಯಿಂದ ತುಂಬುವ ರೈಫಲ್. ಮಲೆನಾಡು, ಕೊಡಗಿನ ಮನೆಗಳ ಕೇಪಿನ ಕೋವಿ ಇದರ ಹತ್ತಿರದ ನೆಂಟ. ಅದರ ನಳಿಗೆ ಸಾಮಾನ್ಯವಾಗಿ ಗೀರಿಲ್ಲದೆ ನುಣುಪಾಗಿರುತ್ತದೆ. ಪರವಾನಗಿ ಪತ್ರಗಳಲ್ಲಿ ಕಾಣುವ ‘ಎಸ್.ಬಿ.ಎಂ.ಎಲ್.’ ಎಂಬ ಅಕ್ಷರಗಳು ಒಂಟಿ ನಳಿಗೆಯ ಇಂಥ ಕೋವಿಯನ್ನೇ ಸೂಚಿಸುತ್ತವೆ. ಎರಡಕ್ಕೂ ಮದ್ದು ಒಂದೇ, ಆದ್ದರಿಂದ ಹೊಡೆದ ಮೇಲೆ ಉಳಿಯುವ ಕಿಟ್ಟವೂ ಒಂದೇ. ಗೀರುಗಳ ಸಂದಿಯಲ್ಲಿ ಕಿಟ್ಟ ಕೂರುವುದರಿಂದ ರೈಫಲಿನ ಶುಚಿಗೆ ಹೆಚ್ಚು ಎಚ್ಚರ ಬೇಕು. ಈ ಲೇಖನದಲ್ಲಿ 1853ರ ಮಾದರಿಯ ಎನ್‌ಫೀಲ್ಡ್ ರೈಫಲನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ. ಭಾರತದ ಚರಿತ್ರೆಯೊಂದಿಗೆ ಇಷ್ಟು ಗಾಢವಾಗಿ ಬೆಸೆದುಕೊಂಡ ಬಾಯಿತುಂಬು ರೈಫಲ್ ಬೇರೊಂದಿಲ್ಲ.

ಕಿಟ್ಟದ ಸ್ವರೂಪ

ಕರಿಮದ್ದಿನಲ್ಲಿ ತೂಕದ ಲೆಕ್ಕಕ್ಕೆ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಲು, 10 ಪಾಲು ಗಂಧಕ ಇರುತ್ತವೆ. ಇದು ಉರಿದಾಗ ಪೂರ್ತಿ ಹೊಗೆಯಾಗಿ, ಗಾಳಿಯಾಗಿ ಹೋಗುವುದಿಲ್ಲ. ಆಂಡ್ರ್ಯೂ ನೋಬಲ್ ಮತ್ತು ಫ್ರೆಡರಿಕ್ ಏಬಲ್ 1875ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ವಿಷಯದಲ್ಲಿ ಇಂದಿಗೂ ಆಧಾರ. ಗಟ್ಟಿ ಉಕ್ಕಿನ ಪಾತ್ರೆಯಲ್ಲಿ ಮದ್ದನ್ನು ಮುಚ್ಚಿ ಉರಿಸಿದ ಅವರು, ತೂಕದಲ್ಲಿ ಸುಮಾರು 43 ಪಾಲು ಮಾತ್ರ ಅನಿಲವಾಗುತ್ತದೆ, 57 ಪಾಲು ತಣಿದ ಮೇಲೆ ಘನವಾಗಿ ಉಳಿಯುತ್ತದೆ ಎಂದು ಕಂಡರು. ಎನ್‌ಫೀಲ್ಡಿಗೆ ಒಂದು ಈಡಿಗೆ ಎರಡೂವರೆ ಡ್ರಾಮ್, ಅಂದರೆ ಸುಮಾರು 4.4 ಗ್ರಾಂ ಮದ್ದು. ಆ ಲೆಕ್ಕದಲ್ಲಿ ಪ್ರತಿ ಈಡಿಗೂ ಎರಡೂವರೆ ಗ್ರಾಂ ಘನವಸ್ತು ಹುಟ್ಟುತ್ತದೆ. ಅದರಲ್ಲಿ ಬಹುಪಾಲು ಬಿಳಿ ಹೊಗೆಯ ರೂಪದಲ್ಲಿ ಬಾಯಿಯಿಂದ ಹೊರಗೆ ಹಾರಿಹೋಗುತ್ತದೆ, ಉಳಿದದ್ದು ನಳಿಗೆಗೆ ಮೆತ್ತಿಕೊಳ್ಳುತ್ತದೆ.

ಈ ಕಿಟ್ಟದಲ್ಲಿ ಮುಖ್ಯವಾಗಿ ಪೊಟ್ಯಾಸಿಯಂ ಕಾರ್ಬೊನೇಟ್, ಪೊಟ್ಯಾಸಿಯಂ ಸಲ್ಫೇಟ್, ಪೊಟ್ಯಾಸಿಯಂ ಸಲ್ಫೈಡುಗಳಿವೆ. ಜೊತೆಗೆ ಉರಿಯದೆ ಉಳಿದ ಇದ್ದಲಿನ ಮಸಿ, ಸ್ವಲ್ಪ ಗಂಧಕ. ಥಯೋಸಲ್ಫೇಟೂ ನೋಬಲ್ ಮತ್ತು ಏಬಲ್ ಅವರಿಗೆ ಸಿಕ್ಕಿತ್ತು. ಅದು ಮದ್ದು ಉರಿಯುವಾಗಲೇ ಹುಟ್ಟಿದ್ದೋ, ಪಾತ್ರೆ ತೆರೆದು ಗಾಳಿ ತಗುಲಿದ ಮೇಲೆ ಸಲ್ಫೈಡಿನಿಂದ ಆದದ್ದೋ ಎಂಬ ಬಗ್ಗೆ ಆ ಕಾಲದಲ್ಲೇ ವಾದ ನಡೆಯಿತು. ರಸಾಯನಶಾಸ್ತ್ರಜ್ಞ ಹೈನ್ರಿಖ್ ಡೆಬಸ್ ಎರಡನೆಯದರ ಪರ ನಿಂತರು. ಕೋವಿ ಇಟ್ಟುಕೊಂಡವರಿಗೂ ಈ ವಾದದಿಂದ ತಿಳಿಯಬೇಕಾದದ್ದಿದೆ. ಗಾಳಿ ತಗುಲಿದೊಡನೆ ಕಿಟ್ಟ ಬದಲಾಗತೊಡಗುತ್ತದೆ. ಹೊಡೆದು ಹತ್ತು ನಿಮಿಷವಾದಾಗ ನಳಿಗೆಯಲ್ಲಿರುವುದೂ ಮರುದಿನ ಬೆಳಗ್ಗೆ ಇರುವುದೂ ಒಂದೇ ವಸ್ತುವಲ್ಲ. ಒದ್ದೆ ಬಟ್ಟೆ ಆಡಿಸಿದಾಗ ಬರುವ ಕೊಳೆತ ಮೊಟ್ಟೆಯ ವಾಸನೆ ಸಲ್ಫೈಡು ನೀರಿನೊಂದಿಗೆ ಸೇರಿ ಹೊಮ್ಮಿಸಿದ ಹೈಡ್ರೋಜನ್ ಸಲ್ಫೈಡಿನದು.

ತುಕ್ಕಿಗೆ ಮೂಲ ಈ ಲವಣಗಳ ನೀರು ಹೀರುವ ಗುಣ. ಪ್ರತಿಯೊಂದು ಲವಣವೂ ಗಾಳಿಯ ತೇವ ಒಂದು ಮಟ್ಟ ಮುಟ್ಟಿದಾಗ ತಾನೇ ನೀರು ಹೀರಿ ಕರಗತೊಡಗುತ್ತದೆ. ಪೊಟ್ಯಾಸಿಯಂ ಕಾರ್ಬೊನೇಟಿಗೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆ ಮಟ್ಟ ಶೇ. 43ರಷ್ಟು ಸಾಪೇಕ್ಷ ಆರ್ದ್ರತೆ. ಪೊಟ್ಯಾಸಿಯಂ ಕ್ಲೋರೈಡಿಗೆ ಸುಮಾರು ಶೇ. 84, ಪೊಟ್ಯಾಸಿಯಂ ಸಲ್ಫೇಟಿಗೆ ಶೇ. 97ರ ಆಸುಪಾಸು. ಬಯಲುಸೀಮೆಯ ಬೇಸಿಗೆಯ ಮಧ್ಯಾಹ್ನಗಳಲ್ಲಿ ಗಾಳಿ ಶೇ. 43ಕ್ಕಿಂತ ಒಣಗಿರುವುದುಂಟು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಅಂಥ ಹೊತ್ತು ಅಪರೂಪ, ಮಳೆಗಾಲದಲ್ಲಂತೂ ಇಲ್ಲವೇ ಇಲ್ಲ. ಹಾಗಾಗಿ ಅಲ್ಲಿ ತೊಳೆಯದೆ ಇಟ್ಟ ನಳಿಗೆಯ ಒಳಗೆ ಬಹುತೇಕ ಸದಾ ಉಪ್ಪುನೀರಿನ ತೆಳುವಾದ ಪದರ ಇರುತ್ತದೆ. ಕಾರ್ಬೊನೇಟಿನ ದ್ರಾವಣ ಕ್ಷಾರೀಯವಾದ್ದರಿಂದ ಮೊದಲ ಕೆಲವು ಗಂಟೆ ಕಬ್ಬಿಣಕ್ಕೆ ಒಂದಿಷ್ಟು ರಕ್ಷಣೆಯೂ ಸಿಗಬಹುದು. ಆದರೆ ಅದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಬೈಕಾರ್ಬೊನೇಟ್ ಆಗುತ್ತ ಬಂದಂತೆ ಕ್ಷಾರಗುಣ ಕುಗ್ಗುತ್ತದೆ. ‘ಒಂದು ರಾತ್ರಿ ಇಟ್ಟರೂ ಏನೂ ಆಗಲಿಲ್ಲ’ ಎನ್ನುವವರ ಅನುಭವ, ‘ಒಂದೇ ರಾತ್ರಿಗೆ ಕೆಂಪಾಯಿತು’ ಎನ್ನುವವರ ಅನುಭವ ಎರಡೂ ನಿಜವಿರಲು ಇದೇ ಕಾರಣವಿರಬಹುದು.

ಕ್ಲೋರೈಡು ಬರುವುದು ಮದ್ದಿನಿಂದಲ್ಲ, ಕೇಪಿನಿಂದ. ಎನ್‌ಫೀಲ್ಡ್ ಕಾಲದ ಕೇಪಿನಲ್ಲಿ ಪಾದರಸದ ಫಲ್ಮಿನೇಟಿನ ಜೊತೆ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಸಿಡಿದ ಮೇಲೆ ಅದು ಕ್ಲೋರೈಡಾಗಿ ಉಳಿಯುತ್ತದೆ. ಪ್ರಮಾಣ ಅಲ್ಪ, ಕೇಡು ದೊಡ್ಡದು. ಅದು ಬೀಳುವುದು ಕೇಪು ಕೂರುವ ನಿಪ್ಪಲಿನ ಸುತ್ತ, ಕೇಪಿಗೆ ಬಡಿಯುವ ಕುದುರೆಯ ಮೂತಿಯ ಒಳಗೆ. ಹಳೆಯ ಕೋವಿಗಳಲ್ಲಿ ಈ ಭಾಗ ಮೊದಲು ಸವೆದು ಗುಳಿಬಿದ್ದಿರುವುದಕ್ಕೆ ಇದು ಮುಖ್ಯ ಕಾರಣಗಳಲ್ಲೊಂದು. ಈಗಿನ ಕೇಪುಗಳಲ್ಲಿ ಹೆಚ್ಚಿನವು ಸೀಸದ ಸ್ಟಿಫ್ನೇಟಿನವು, ಅವುಗಳಿಂದ ಈ ತೊಂದರೆ ಕಡಿಮೆ.

ಕಿಟ್ಟ, ಕೊಬ್ಬು ಮತ್ತು 1857

ಗೀರಿನ ನಳಿಗೆಗೆ ಬಾಯಿಯಿಂದ ಗುಂಡು ತುಂಬುವುದು ಬಹುಕಾಲ ಸೈನಿಕರಿಗೆ ಒಗ್ಗದೆ ಇದ್ದುದಕ್ಕೆ ಕಿಟ್ಟವೇ ಅಡ್ಡಿ. ಗೀರನ್ನು ಕಚ್ಚುವಷ್ಟು ಬಿಗಿಯಾದ ಗುಂಡು ನಾಲ್ಕಾರು ಈಡಿನ ನಂತರ ಒಳಗಿಳಿಯುತ್ತಿರಲಿಲ್ಲ. ಫ್ರಾನ್ಸಿನ ಕ್ಲೋದ್ ಎತಿಯೆನ್ ಮಿನಿಯೆ 1849ರಲ್ಲಿ ಮುಂದಿಟ್ಟ ಪರಿಹಾರ ಇದನ್ನು ತಿರುವುಮುರುವು ಮಾಡಿತು: ಗುಂಡು ನಳಿಗೆಗಿಂತ ಸಣ್ಣದಾಗಿದ್ದು ಸಲೀಸಾಗಿ ಇಳಿಯಲಿ, ಮದ್ದು ಸಿಡಿದಾಗ ಅದರ ಟೊಳ್ಳು ತಳ ಅರಳಿ ಗೀರನ್ನು ಕಚ್ಚಲಿ. ಎನ್‌ಫೀಲ್ಡಿನ ನಳಿಗೆ 39 ಅಂಗುಲ ಉದ್ದ, 0.577 ಅಂಗುಲ ವ್ಯಾಸ, ಮೂರು ಗೀರು, 78 ಅಂಗುಲಕ್ಕೆ ಒಂದು ಸುತ್ತು. ಅದರ ಗುಂಡಿನ ವ್ಯಾಸ ಮೊದಲು 0.568 ಅಂಗುಲವಿತ್ತು, ನಂತರ 0.55ಕ್ಕೆ ಇಳಿಸಿದರು. ಕಾಗದದ ತೋಟೆಯ ಗುಂಡಿನ ಭಾಗಕ್ಕೆ ಕೊಬ್ಬು, ಜೇನುಮೇಣ ಬೆರೆಸಿ ಸವರುತ್ತಿದ್ದರು. ಜಿಡ್ಡಿನ ಕೆಲಸ ಗುಂಡು ಜಾರಿಸುವುದಷ್ಟೇ ಆಗಿರಲಿಲ್ಲ. ಹಿಂದಿನ ಈಡಿನ ಕಿಟ್ಟವನ್ನು ಮೆದುವಾಗಿ ಇಡುವುದೂ ಆಗಿತ್ತು.

ಈ ಜಿಡ್ಡಿನಲ್ಲಿ ಹಸುವಿನ, ಹಂದಿಯ ಕೊಬ್ಬಿದೆ ಎಂಬ ಮಾತು 1857ರ ಜನವರಿಯಲ್ಲಿ ಡಂಡಂನಲ್ಲಿ ಹಬ್ಬಿತು. ಅದೇ ತಿಂಗಳು ಸಿಪಾಯಿಗಳು ತಾವೇ ತಂದ ತುಪ್ಪ, ಜೇನುಮೇಣ ಸವರಿಕೊಳ್ಳಬಹುದೆಂದು ಸರ್ಕಾರ ಒಪ್ಪಿತಾದರೂ ಕಾಲ ಮಿಂಚಿತ್ತು. ಏಪ್ರಿಲ್ 24ರಂದು ಮೀರತ್ತಿನಲ್ಲಿ 85 ಸವಾರರು ತೋಟೆ ಮುಟ್ಟಲು ನಿರಾಕರಿಸಿದರು. ಮೇ 10ರಂದು ದಂಗೆ ಎದ್ದಿತು. ದಂಗೆಯ ಕಾರಣಗಳು ಅನೇಕ, ಅವುಗಳ ಚರ್ಚೆ ಇಲ್ಲಿನದಲ್ಲ. ಆದರೆ ಆ ತೋಟೆಗೆ ಜಿಡ್ಡು ಯಾಕೆ ಬೇಕಾಯಿತು ಎಂದು ಕೇಳಿದರೆ, ಉತ್ತರದ ಒಂದು ದೊಡ್ಡ ಪಾಲು ನಳಿಗೆಯ ಕಿಟ್ಟದಲ್ಲಿದೆ. ಚರಿತ್ರೆಯ ಪುಸ್ತಕಗಳು ಇದನ್ನು ಒಂದು ಸಾಲಿಗಿಂತ ಹೆಚ್ಚು ಗಮನಿಸುವುದು ವಿರಳ.

ತೊಳೆಯುವ ಕ್ರಮ

ಮೊದಲ ಕೆಲಸ ಕೋವಿ ಖಾಲಿಯಿದೆ ಎಂದು ಖಚಿತಪಡಿಸಿಕೊಳ್ಳುವುದು. ಖಾಲಿ ನಳಿಗೆಗೆ ಗಜ ಇಳಿಬಿಟ್ಟಾಗ ಬಾಯಿಯ ಮಟ್ಟದಲ್ಲಿ ಗಜದ ಮೇಲೆ ಗುರುತು ಮಾಡಿಟ್ಟಿದ್ದರೆ, ಒಳಗೆ ಈಡು ಉಳಿದಿದ್ದಾಗ ಆ ಗುರುತು ಮೇಲೆಯೇ ನಿಲ್ಲುತ್ತದೆ. ನಿಪ್ಪಲಿನ ಮೇಲೆ ಕೇಪು ಇರಬಾರದು. ಬಾಯಿ ಯಾರ ಕಡೆಗೂ ತಿರುಗಿರಬಾರದು, ತೊಳೆಯುವವನ ಕಡೆಗೂ ಕೂಡ.

ಕಿಟ್ಟದ ಲವಣಗಳು ಕರಗುವುದು ನೀರಿನಲ್ಲಿ, ಎಣ್ಣೆಯಲ್ಲಲ್ಲ. ಖನಿಜ ಎಣ್ಣೆಯನ್ನು ಕಿಟ್ಟದ ಮೇಲೆ ಹಾಕಿದರೆ ಅದು ಡಾಂಬರಿನಂಥ ಅಂಟಾಗಿ ಲವಣವನ್ನು ತನ್ನಡಿ ಮುಚ್ಚಿಟ್ಟುಕೊಳ್ಳುತ್ತದೆ. ಕುದಿಯುವ ನೀರೇ ಬೇಕೆಂಬ ನಂಬಿಕೆ ವ್ಯಾಪಕವಾಗಿದೆ. ಕಿಟ್ಟದ ಮುಖ್ಯ ಲವಣಗಳಲ್ಲಿ ಕರಗಲು ಹಿಂದೇಟು ಹಾಕುವ ಸಲ್ಫೇಟ್ ಕೂಡ 20 ಡಿಗ್ರಿಯಲ್ಲಿ 100 ಮಿಲಿಲೀಟರ್ ನೀರಿಗೆ 11 ಗ್ರಾಂ ಕರಗುತ್ತದೆ, ಕುದಿಯುವಾಗ ಸುಮಾರು 24 ಗ್ರಾಂ. ಎನ್‌ಫೀಲ್ಡ್ ನಳಿಗೆಯ ಒಳಗೆ ಸುಮಾರು 170 ಮಿಲಿಲೀಟರ್ ನೀರು ಹಿಡಿಯುತ್ತದೆ. ಹತ್ತಾರು ಈಡಿನ ಲವಣ ಕರಗಿಸಲು ತಣ್ಣೀರೇ ಎರಡು ಮೂರು ಸಲ ತುಂಬಿ ಚೆಲ್ಲಿದರೆ ಸಾಕು. ಬಿಸಿನೀರಿನ ಲಾಭ ಬೇರೆ: ಜಿಡ್ಡು ಬೇಗ ಬಿಡುತ್ತದೆ, ನಳಿಗೆ ಕಾದು ತಾನೇ ಆರುತ್ತದೆ. ಅದರ ದೋಷವೆಂದರೆ, ಕಾದ ಉಕ್ಕಿನ ಮೇಲೆ ಉಳಿದ ನೀರು ಆರುವಾಗಲೇ ತೆಳ್ಳನೆ ಕೆಂಪು ತುಕ್ಕು ಎಬ್ಬಿಸುವುದು. ಉಗುರುಬೆಚ್ಚಗಿನ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಬಳಸುವುದು ಒಳ್ಳೆಯ ನಡುದಾರಿ.

ನಳಿಗೆಯನ್ನು ಮರದಿಂದ ಕಳಚಿ ತೆಗೆಯುವಂತಿದ್ದರೆ ನಿಪ್ಪಲ್ ಬಿಚ್ಚಿ, ಹಿಂತುದಿಯನ್ನು ಬಕೆಟ್ಟಿನ ನೀರಿನಲ್ಲಿ ನಿಲ್ಲಿಸಿ, ಗಜದ ತುದಿಗೆ ಹತ್ತಿಬಟ್ಟೆ ಸುತ್ತಿ ಮೇಲೆ ಕೆಳಗೆ ಆಡಿಸಬೇಕು. ನಿಪ್ಪಲಿನ ತೂತಿನಿಂದ ನೀರು ಪಿಚಕಾರಿಯಂತೆ ಒಳಗೂ ಹೊರಗೂ ಹರಿಯುತ್ತದೆ. ಎನ್‌ಫೀಲ್ಡಿನ ನಳಿಗೆ ಮೂರು ಲೋಹದ ಪಟ್ಟಿಗಳಿಂದ ಮರಕ್ಕೆ ಬಿಗಿದದ್ದು, ಪದೇಪದೇ ಬಿಚ್ಚಿದರೆ ಮರ ಸಡಿಲವಾಗುತ್ತದೆ. ಅಲ್ಲಿ ನಿಪ್ಪಲನ್ನು ಮುಚ್ಚಿ, ಬಾಯಿಯಿಂದ ನೀರು ಹೊಯ್ದು, ಬೆರಳಿಟ್ಟು ಕುಲುಕಿ ಚೆಲ್ಲುವುದೇ ಸರಿ. ನೀರು ತಿಳಿಯಾಗಿ ಬರುವವರೆಗೂ ಇದನ್ನು ಮಾಡಬೇಕು. ಮಸಿ ನೀರಿನಲ್ಲಿ ಕರಗದು. ಅದನ್ನು ತೆಗೆಯುವುದು ಬಟ್ಟೆಯ ಉಜ್ಜಾಟ.

ಆರಿಸುವುದರಲ್ಲಿ ಹೆಚ್ಚಿನವರು ಸೋಲುತ್ತಾರೆ. ಒಣಬಟ್ಟೆ ನಾಲ್ಕೈದು ಸಲ ಬದಲಿಸಿ ಆಡಿಸಿದರೂ ಹಿಂಬದಿಯ ಬಿರಡೆಯ ಮೂಲೆಯಲ್ಲಿ ನೀರು ನಿಲ್ಲುತ್ತದೆ. ಹೆನ್ರಿ ನಾಕ್ 1787ರಲ್ಲಿ ಹೊರತಂದ ಬಗೆಯ, ಹಿಂದೆ ಕಿರಿದಾದ ಮದ್ದಿನ ಗೂಡಿರುವ ನಳಿಗೆಗಳಲ್ಲಿ ಇದು ಇನ್ನೂ ಹೆಚ್ಚು. ಅಲ್ಲಿಗೆ ನಳಿಗೆಯ ಅಳತೆಯ ಬಟ್ಟೆ ಮುಟ್ಟದು. ಸಣ್ಣ ಕುಂಚವೋ ತೆಳು ಕಡ್ಡಿಗೆ ಸುತ್ತಿದ ಬಟ್ಟೆಯೋ ಬೇಕು.

ಆರಿದ ಮೇಲಷ್ಟೇ ಎಣ್ಣೆ, ಅದೂ ತೆಳ್ಳಗೆ. ಕೋವಿಯನ್ನು ಬಾಯಿ ಕೆಳಗಾಗಿ ಒಂದು ರಾತ್ರಿ ನಿಲ್ಲಿಸಿದರೆ ಹೆಚ್ಚಿನ ಎಣ್ಣೆ ನಿಪ್ಪಲಿಗೂ ಮರಕ್ಕೂ ಇಳಿಯುವುದಿಲ್ಲ. ಮರುದಿನ ಬಿಳಿಬಟ್ಟೆ ಆಡಿಸಿ ನೋಡಬೇಕು, ಕಂದು ಬಣ್ಣ ಕಂಡರೆ ಮತ್ತೆ ಮೊದಲಿನಿಂದ. ಮುಂದಿನ ಸಲ ಹೊಡೆಯುವ ಮೊದಲು ಎಣ್ಣೆ ಒರೆಸಿ, ಖಾಲಿ ಕೋವಿಗೆ ಒಂದೆರಡು ಕೇಪು ಸಿಡಿಸಿ ದಾರಿ ಬಿಡಿಸಿಕೊಳ್ಳುವುದು ವಾಡಿಕೆ.

ಇತರ ಭಾಗಗಳು

ಕುದುರೆಯ ಯಂತ್ರವನ್ನು ಪ್ರತಿ ಸಲ ಬಿಚ್ಚಬೇಕಿಲ್ಲ. ಹೊರಗೆ ಒರೆಸಿ ಒಂದು ಹನಿ ಎಣ್ಣೆ ಸಾಕು. ಮರಕ್ಕೆ ಅಗಸೆ ಎಣ್ಣೆ. ಎನ್‌ಫೀಲ್ಡಿನ ಹಿಡಿಯ ತಳ, ಬಿಲ್ಲಿನ ಕಾಪು ಹಿತ್ತಾಳೆಯವು. ಹಿತ್ತಾಳೆ ಬೆಳಗುವ ಹುಣಸೆಹುಳಿ ಪಕ್ಕದ ಉಕ್ಕಿಗೆ ತಗುಲಿದರೆ ಅದರ ಬಣ್ಣ ಕಿತ್ತುಹೋಗುತ್ತದೆ.

ಕರಿಮದ್ದಿನ ಬದಲಿಗೆ ಬಂದ ಹೊಸ ಮದ್ದುಗಳಿಗೆ ಈ ನಿಯಮಗಳು ಹಾಗೆಯೇ ಅನ್ವಯಿಸವು. 1970ರ ದಶಕದ ಪೈರೊಡೆಕ್ಸಿನಲ್ಲಿ ಪೊಟ್ಯಾಸಿಯಂ ಪರ್ಕ್ಲೋರೇಟ್ ಇರುವುದರಿಂದ ನಳಿಗೆಯ ತುಂಬ ಕ್ಲೋರೈಡು ಉಳಿಯುತ್ತದೆ, ತೊಳೆಯಲು ತಡಮಾಡಲೇಬಾರದು. ಬ್ಲ್ಯಾಕ್‌ಹಾರ್ನ್ 209ಕ್ಕೆ ನೀರಿನಿಂದ ಪ್ರಯೋಜನವಿಲ್ಲ, ಹೊಗೆರಹಿತ ಮದ್ದಿಗೆ ಬಳಸುವ ದ್ರಾವಕ ಬೇಕು.

ಮಳೆಗಾಲದ ಪಾಲನೆ

ಕೊಡಗಿನಲ್ಲಿ ನಾಟಿಯ ಕೆಲಸ ಮುಗಿದ ಮೇಲೆ, ಸಾಮಾನ್ಯವಾಗಿ ಸೆಪ್ಟೆಂಬರ್ 3ರಂದು, ಕೈಲ್ ಪೊಳ್ದ್ ಆಚರಿಸುತ್ತಾರೆ. ಕೋವಿಗಳನ್ನು ಶುಚಿ ಮಾಡಿ ಪೂಜೆಗಿಡುತ್ತಾರೆ, ತೋಕ್‌ಪೂ ಎಂದು ಕರೆಯುವ ಅಗ್ನಿಶಿಖೆಯ ಹೂವಿನಿಂದ ಸಿಂಗರಿಸುತ್ತಾರೆ. ಮುಂಗಾರಿನ ತೇವ ನಳಿಗೆಗೆ ಏನು ಮಾಡಿದೆ ಎಂದು ನೋಡಲು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಬಾಯಿತುಂಬು ಕೋವಿಯ ಹಿಂಬದಿ ಮುಚ್ಚಿರುವುದರಿಂದ ಬೆಳಕಿಗೆ ಹಿಡಿದು ನೋಡಲಾಗದು. ಖಾಲಿಯೆಂದು ಗಜದಿಂದ ಪರೀಕ್ಷಿಸಿದ ಮೇಲೆ ದಾರಕ್ಕೆ ಕಟ್ಟಿದ ಪುಟ್ಟ ಎಲ್‌ಇಡಿ ದೀಪವನ್ನು ಒಳಗೆ ಇಳಿಬಿಡಬೇಕು. ಮೇಲ್ಮೈಯ ತುಕ್ಕು ಎಣ್ಣೆಬಟ್ಟೆಗೆ ಬಿಡುತ್ತದೆ. ಗುಳಿ ಬಿದ್ದ ಮೇಲೆ ಯಾವ ಶುಚಿಯೂ ಅದನ್ನು ತುಂಬದು, ಮುಂದಿನ ಕಿಟ್ಟ ಅಲ್ಲಿಯೇ ಸೇರುತ್ತದೆ. ಹಿಂಬದಿಯ ಬಿರಡೆಯ ಹತ್ತಿರ ಗುಳಿ ಕಂಡ ಕೋವಿಯನ್ನು, ಬಲ್ಲ ಕೆಲಸಗಾರ ಬಿಚ್ಚಿ ನೋಡಿ ಸರಿಯಿದೆ ಎನ್ನುವವರೆಗೆ ತುಂಬಬಾರದು.