ಗೋಧಿನಾಡಿನ ವೈದ್ಯಕಂದಾಯ

ಕಳೆದ ಶತಮಾನದ ಎರಡನೆಯ ದಶಕದ ಮೊದಲ ವರ್ಷಗಳಲ್ಲಿ, ಕೆನಡಾ ದೇಶದ ವಿನ್ನಿಪೆಗ್ ನಗರದ ಆಸ್ಪತ್ರೆಯೊಂದರ ಧರ್ಮಾರ್ಥ ವಾರ್ಡಿನಲ್ಲಿ, ಸ್ಕಾಟ್ಲೆಂಡಿನಿಂದ ವಲಸೆ ಬಂದ ಎರಕದ ಕೆಲಸಗಾರನೊಬ್ಬನ ಮಗನು ಮೊಣಕಾಲಿನ ಎಲುಬಿಗೆ ಹತ್ತಿದ ಕೀವಿನ ರೋಗದಿಂದ ನರಳುತ್ತ ಮಲಗಿದ್ದನು. ಕಾಲನ್ನು ತೆಗೆದುಹಾಕುವುದಲ್ಲದೆ ಅನ್ಯಮಾರ್ಗವಿಲ್ಲವೆಂದು ತಂದೆತಾಯಿಗಳಿಗೆ ಹೇಳಿಯಾಗಿತ್ತು. ತಜ್ಞರನ್ನು ಕರೆಯಿಸುವಷ್ಟು ಹಣ ಆ ಮನೆಯಲ್ಲಿರಲಿಲ್ಲ. ಅಂತಹ ಸಮಯದಲ್ಲಿ ಆರ್. ಜೆ. ಸ್ಮಿತ್ ಎಂಬ ಅಸ್ಥಿಚಿಕಿತ್ಸಕರು ಆ ಹುಡುಗನನ್ನು ಕಂಡು, ತಮ್ಮ ವಿದ್ಯಾರ್ಥಿಗಳು ಸುತ್ತ ನಿಂತು ನೋಡುವುದಕ್ಕೆ ಹೆತ್ತವರು ಸಮ್ಮತಿಸುವುದಾದರೆ ತಾವು ಏನನ್ನೂ ತೆಗೆದುಕೊಳ್ಳದೆ ಶಸ್ತ್ರಕ್ರಿಯೆ ನಡೆಸುವುದಾಗಿ ಹೇಳಿದರು. ಕಾಲು ಉಳಿಯಿತು. ಆ ಹುಡುಗನೇ ಮುಂದೆ 1944ರಲ್ಲಿ ಸಸ್ಕಾಚೆವಾನ್ ಪ್ರಾಂತದ ಪ್ರೀಮಿಯರ್ ಆದ ಟಾಮಿ ಡಗ್ಲಸ್. ಸ್ಮಿತ್ ಅವರನ್ನು ಕೃತಜ್ಞತೆಯಿಂದ ನೆನೆಯುತ್ತಿದ್ದ ಡಗ್ಲಸರನ್ನು ಜೀವನಪರ್ಯಂತ ಬಾಧಿಸಿದ ಪ್ರಶ್ನೆ ಬೇರೆ: ಒಬ್ಬ ಸಜ್ಜನನ ಕಣ್ಣಿಗೆ ಬೀಳದೆ ಹೋದ ಬಡವರ ಮಕ್ಕಳ ಗತಿಯೇನು?

ಜನರೆಲ್ಲರ ವೈದ್ಯವೆಚ್ಚವನ್ನು ಒಂದೇ ಸಾರ್ವಜನಿಕ ಬೊಕ್ಕಸದಿಂದ ತೆರುವ ಪದ್ಧತಿಯು ಸಾಮಾನ್ಯ ಸಂಸಾರಸ್ಥರಿಗೆ ನಿಲುಕುವಂಥದೇ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಅದನ್ನು ಐಶ್ವರ್ಯವಂತ ದೇಶಗಳ ಭೋಗವೆಂದು ಹೇಳುವವರು ಅದು ಹುಟ್ಟಿದ ನೆಲವನ್ನು ಒಮ್ಮೆ ನೋಡಬೇಕು. ಉತ್ತರ ಅಮೆರಿಕದಲ್ಲಿ ಅದು ಕಣ್ಣು ಬಿಟ್ಟದ್ದು ಧನಿಕರ ಪಟ್ಟಣಗಳಲ್ಲಲ್ಲ; ಗಾವುದಗಳಾಚೆಗೆ ಒಂದೊಂದು ಮನೆಯಿರುವ, ಮಳೆಯನ್ನೂ ಗೋಧಿಯ ಧಾರಣೆಯನ್ನೂ ನಂಬಿದ ಒಕ್ಕಲುಮಕ್ಕಳ ಬಯಲುಸೀಮೆಯಲ್ಲಿ.

ಡಗ್ಲಸ್ ಅಧಿಕಾರಕ್ಕೆ ಬರುವುದಕ್ಕೆ ಮೂವತ್ತು ವರ್ಷಗಳಷ್ಟು ಹಿಂದೆಯೇ ಸಸ್ಕಾಚೆವಾನಿನಲ್ಲಿ ಇದಕ್ಕೆ ಬೀಜ ಬಿದ್ದಿತ್ತು. ಸಾರ್ನಿಯಾ ಎಂಬ ಗ್ರಾಮಾಂತರ ಮುನಿಸಿಪಾಲಿಟಿಯವರು (ನಮ್ಮ ಹಿಂದಿನ ತಾಲ್ಲೂಕು ಬೋರ್ಡಿನಂತಹ ಸಂಸ್ಥೆಯೆಂದು ತಿಳಿಯಬಹುದು) ತಮ್ಮಲ್ಲಿದ್ದ ಒಬ್ಬನೇ ವೈದ್ಯನು ಸಂಪಾದನೆ ಸಾಲದೆ ಊರು ಬಿಡುವನೆಂಬ ಭಯ ಹುಟ್ಟಿದಾಗ, ಕಂದಾಯದ ಹಣದಿಂದ ವರ್ಷಕ್ಕೆ 1,500 ಡಾಲರು ಕೊಟ್ಟು ಆತನನ್ನು ನಿಲ್ಲಿಸಿಕೊಂಡರು. 1916ರಲ್ಲಿ ಶಾಸನಸಭೆ ಕಾನೂನನ್ನು ತಿದ್ದಿ ಈ ಏರ್ಪಾಡಿಗೆ ಮುದ್ರೆಯೊತ್ತಿತು. ಹಲವು ಮುನಿಸಿಪಾಲಿಟಿಗಳು ಕೂಡಿ ಒಂದು ಆಸ್ಪತ್ರೆ ಕಟ್ಟುವುದಕ್ಕೂ ಅದೇ ವರ್ಷ ಅನುಮತಿ ದೊರೆಯಿತು. ದಾರಿ ರಿಪೇರಿಯ ಲೆಕ್ಕದ ಪಕ್ಕದಲ್ಲಿಯೇ ವೈದ್ಯನ ಸಂಬಳದ ಲೆಕ್ಕವನ್ನೂ ಇಟ್ಟ ಆ ರೈತರಿಗೆ ತಾವೊಂದು ಸಿದ್ಧಾಂತವನ್ನು ಸ್ಥಾಪಿಸುತ್ತಿರುವೆವೆಂಬ ಭಾವನೆಯಿದ್ದಿರಲಾರದು. 1929ರಲ್ಲಿ ಕ್ಷಯರೋಗದ ಚಿಕಿತ್ಸೆಯನ್ನು ಆ ಪ್ರಾಂತವು ಎಲ್ಲರಿಗೂ ಉಚಿತವಾಗಿ ಮಾಡಿತು.

ಅನಂತರ ಬಂದದ್ದು 1930ರ ದಶಕ. ಗೋಧಿಯ ಬೆಲೆ ಕುಸಿಯಿತು, ಮಳೆ ಹಿಂದೆಗೆಯಿತು, ಹೊಲದ ಮೇಲ್ಮಣ್ಣು ಧೂಳಾಗಿ ಆಕಾಶಕ್ಕೇರಿತು. 1928ರಲ್ಲಿ ತಲೆಗೆ 478 ಡಾಲರಿದ್ದ ವರಮಾನ 1933ರಲ್ಲಿ 135ಕ್ಕೆ ಇಳಿಯಿತು. ಕೊಡಲು ರೋಗಿಯ ಬಳಿ ಹಣವಿಲ್ಲ, ಬರುವ ಹಣವಿಲ್ಲದೆ ವೈದ್ಯನಿಗೆ ಜೀವನವಿಲ್ಲ. ಇಂತಹ ದುರ್ದಿನಗಳಲ್ಲಿಯೇ ಮೆಕಿಲಪ್ ಮುನಿಸಿಪಾಲಿಟಿಯ ಅಧ್ಯಕ್ಷನಾಗಿದ್ದ, ನಾರ್ವೆಯಿಂದ ಬಂದ ಮ್ಯಾಟ್ ಆಂಡರ್ಸನ್ ಎಂಬ ರೈತನು, ತಲೆಗೆ 5 ಡಾಲರಿನಂತೆ ಕಂದಾಯವೆತ್ತಿ ವೈದ್ಯವನ್ನೂ ಆಸ್ಪತ್ರೆಯನ್ನೂ ಒದಗಿಸುವ ಯೋಜನೆಯೊಂದನ್ನು ಹೊಸೆದು, 1939ರಲ್ಲಿ ಅದಕ್ಕೆ ಬೇಕಾದ ಶಾಸನವನ್ನೂ ಮಾಡಿಸಿಕೊಂಡನು. ಒಬ್ಬೊಬ್ಬರಾಗಿ ತೆರಲಾರದವರು ಕೂಡಿ ತೆರಬಲ್ಲರೆಂಬುದನ್ನು ಆ ರೈತರು ಗ್ರಂಥಗಳಿಂದ ಕಲಿಯಲಿಲ್ಲ. ಬೇರೆ ಗತಿಯಿಲ್ಲದೆ ಕಲಿತರು. ಈ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಬಹುವಾಗಿ ಸೆಳೆದದ್ದು ಇದೇ.

1946ರ ಜುಲೈ 1ರಂದು ಸ್ವಿಫ್ಟ್ ಕರೆಂಟ್ ಸೀಮೆಯ ಜನರು ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡು ವೈದ್ಯ, ಆಸ್ಪತ್ರೆಗಳೆರಡನ್ನೂ ಸರ್ವರಿಗೂ ದೊರೆಯುವಂತೆ ಮಾಡಿಕೊಂಡರು. 1947ರ ಜನವರಿಯಲ್ಲಿ ಡಗ್ಲಸ್ ಸರಕಾರ ಇಡೀ ಪ್ರಾಂತಕ್ಕೆ ಆಸ್ಪತ್ರೆಯ ವಿಮೆ ತಂದಿತು: ವರ್ಷಕ್ಕೆ ತಲೆಗೆ 5 ಡಾಲರು, ಎಷ್ಟೇ ದೊಡ್ಡ ಸಂಸಾರವಾದರೂ 30ಕ್ಕೆ ಮೀರದು.

ವೈದ್ಯರ ಶುಲ್ಕವನ್ನೂ ಸರಕಾರವೇ ತೆರುವ ಶಾಸನ ಜಾರಿಗೆ ಬಂದದ್ದು 1962ರ ಜುಲೈ 1ರಂದು. ಡಗ್ಲಸ್ ಆ ವೇಳೆಗೆ ರಾಷ್ಟ್ರರಾಜಕಾರಣಕ್ಕೆ ಹೋಗಿದ್ದರು; ಭಾರವೆಲ್ಲ ಅವರ ನಂತರ ಪ್ರೀಮಿಯರ್ ಆದ ವುಡ್ರೋ ಲಾಯ್ಡ್ ಅವರ ಹೆಗಲ ಮೇಲೆ ಬಿತ್ತು. ಒಂಟಿಯಾದವನಿಗೆ ವರ್ಷಕ್ಕೆ 12 ಡಾಲರು, ಸಂಸಾರಕ್ಕೆ 24, ಎಂದರೆ ತಿಂಗಳಿಗೆ ಎರಡೇ ಡಾಲರು. ಮಿಕ್ಕ ಹಣಕ್ಕಾಗಿ ಮಾರಾಟ ತೆರಿಗೆಯನ್ನೂ ಏರಿಸಿದರು. ಇದು ಪುಕ್ಕಟೆಯ ದಾನವೆಂದು ಯಾರೂ ಜನರನ್ನು ನಂಬಿಸಲಿಲ್ಲ. ಅಂದೇ ಪ್ರಾಂತದ ಬಹುಮಂದಿ ವೈದ್ಯರು ತಮ್ಮ ಚಿಕಿತ್ಸಾಲಯಗಳ ಬಾಗಿಲು ಹಾಕಿದರು. ಸರಕಾರದ ಕೈಯಿಂದ ಹಣ ಪಡೆದವನು ಸರಕಾರದ ಆಳಾಗುವನೆಂಬ ಅವರ ಅಂಜಿಕೆ ನಿಜವಾದ ಅಂಜಿಕೆಯಾಗಿತ್ತು, ಅದನ್ನು ಬರಿಯ ಲೋಭವೆಂದು ತಳ್ಳಿಹಾಕುವುದು ನ್ಯಾಯವಲ್ಲ; ಆದರೆ ಜ್ವರ ಬಂದ ಕೂಸಿಗೆ ಆ ವಾದ ತಿಳಿಯದು. ಮುಷ್ಕರದ ಮೊದಲ ದಿನವೇ ಒಂಬತ್ತು ತಿಂಗಳ ಮಗುವೊಂದು, ವೈದ್ಯರನ್ನು ಹುಡುಕುತ್ತ ಹೆತ್ತವರು ಊರಿಂದೂರಿಗೆ ಗಾಡಿಯೋಡಿಸುತ್ತಿರುವಾಗಲೇ ತೀರಿಕೊಂಡಿತು. ಸರಕಾರ ಬ್ರಿಟನ್ನಿನಿಂದ ವೈದ್ಯರನ್ನು ಕರೆಯಿಸಿತು. ಜನರು ತಾವೇ ಕೂಡಿ ಸಮುದಾಯ ಚಿಕಿತ್ಸಾಲಯಗಳನ್ನು ತೆರೆದರು. ಜುಲೈ 11ರಂದು ಪ್ರಾಂತದ ರಾಜಧಾನಿ ರಿಜೈನಾದ ಶಾಸನಸಭೆಯ ಮುಂದೆ ಹತ್ತಾರು ಸಾವಿರ ಮಂದಿ ನೆರೆದು ಯೋಜನೆಯನ್ನು ಧಿಕ್ಕರಿಸುವರೆಂದು ವಿರೋಧಿಗಳು ನಿರೀಕ್ಷಿಸಿದ್ದರು. ಬಂದವರು ನಾಲ್ಕೈದು ಸಾವಿರ. ಬ್ರಿಟನ್ನಿನ ಲಾರ್ಡ್ ಟೇಲರ್ ಅವರ ಸಂಧಾನದಿಂದ 23ನೆಯ ತಾರೀಖು ಸಾಸ್ಕಟೂನಿನಲ್ಲಿ ಒಪ್ಪಂದವಾಯಿತು. ವೈದ್ಯರು ಸಂಬಳದಾಳುಗಳಾಗಲಿಲ್ಲ, ಮಾಡಿದ ಚಿಕಿತ್ಸೆಗೆ ತಕ್ಕ ಶುಲ್ಕವನ್ನೇ ಪಡೆದರು, ವಸೂಲಾಗದ ಬಿಲ್ಲುಗಳ ಕಾಟ ತಪ್ಪಿ ಅವರ ವರಮಾನ ಹೆಚ್ಚಿತು. 1972ರೊಳಗೆ ಕೆನಡಾದ ಎಲ್ಲ ಪ್ರಾಂತಗಳೂ ಈ ದಾರಿಗೆ ಬಂದುವು.

ಕೊರತೆಗಳಿಲ್ಲವೆಂದಲ್ಲ. ಮನೆಗೆ ಕೊಳ್ಳುವ ಔಷಧವೂ ಹಲ್ಲಿನ ಚಿಕಿತ್ಸೆಯೂ ಬಹುಮಟ್ಟಿಗೆ ಹೊರಗುಳಿದುವು. ಶಸ್ತ್ರಕ್ರಿಯೆಗಾಗಿ ತಿಂಗಳುಗಟ್ಟಲೆ ಕಾಯುವ ಸಂಕಟ ಅಲ್ಲಿಯವರನ್ನು ಇಂದಿಗೂ ಬಿಟ್ಟಿಲ್ಲ. ಆದರೆ ನಿಲುಕುವುದೆಂಬ ಮಾತಿನ ಅರ್ಥವನ್ನು ತಿಳಿಯಬಯಸುವವರು 1968ರ ಒಂದು ಪ್ರಸಂಗವನ್ನು ನೋಡಬೇಕು. 1964ರಲ್ಲಿ ಅಧಿಕಾರಕ್ಕೆ ಬಂದ ರಾಸ್ ಥ್ಯಾಚರರ ಸರಕಾರ ಯೋಜನೆಯನ್ನು ಕಿತ್ತುಹಾಕಲಿಲ್ಲವಾದರೂ, ಜನರು ಅನಾವಶ್ಯಕವಾಗಿ ವೈದ್ಯರಲ್ಲಿಗೆ ಹೋಗುವುದನ್ನು ತಡೆಯುವೆವೆಂದು, ವೈದ್ಯರಲ್ಲಿಗೆ ಪ್ರತಿಯೊಂದು ಸಲ ಹೋದಾಗಲೂ ಒಂದೂವರೆ ಡಾಲರು, ಆಸ್ಪತ್ರೆಯಲ್ಲಿ ಮಲಗಿದರೆ ದಿನಕ್ಕೆ ಎರಡೂವರೆ ಡಾಲರು ರೋಗಿಯೇ ತೆರಬೇಕೆಂದು ವಿಧಿಸಿತು. ಉಳ್ಳವರು ಮೊದಲಿನಂತೆಯೇ ಹೋಗುತ್ತಿದ್ದರು. ಬಾಗಿಲಿಗೆ ಬರುವುದನ್ನು ಹೆಚ್ಚಾಗಿ ಬಿಟ್ಟವರು ಬಡವರು, ಮುದುಕರು, ಬಹು ಮಕ್ಕಳ ತಾಯ್ತಂದೆಗಳು. ವರ್ಷಕ್ಕೊಮ್ಮೆ ಕಂತನ್ನು ತೆತ್ತ ಸಂಸಾರವೇ ಕಾಯಿಲೆಯ ದಿನ ಒಂದೂವರೆ ಡಾಲರಿಗೆ ಹಿಂದುಮುಂದು ನೋಡಿತು. ಅಲನ್ ಬ್ಲೇಕ್ನಿಯವರ ಸರಕಾರ 1971ರಲ್ಲಿ ಆ ಶುಲ್ಕವನ್ನು ತೆಗೆದುಹಾಕಿತು. 1974ರಲ್ಲಿ ವಾರ್ಷಿಕ ಕಂತನ್ನೂ ರದ್ದುಮಾಡಿ, ವೈದ್ಯದ ವೆಚ್ಚವನ್ನು ಸಾಮಾನ್ಯ ತೆರಿಗೆಗಳ ಬೊಕ್ಕಸಕ್ಕೆ ಸೇರಿಸಿತು.