ರಾತ್ರಿಯ ಗುಮಾಸ್ತರು

1980ರ ಫೆಬ್ರವರಿ 16, ಶನಿವಾರ. ಅಂದು ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ ಚಂದ್ರನ ನೆರಳು ಅರಬ್ಬೀ ಸಮುದ್ರವನ್ನು ಕಳೆದು ನಮ್ಮ ನಾಡಿನ ಕರಾವಳಿಯನ್ನು ಮುಟ್ಟಿತು. ಕಾರವಾರ, ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾಯ್ದು ಪೂರ್ವದಿಕ್ಕಿಗೆ ಸಾಗಿಹೋಯಿತು. ಆ ನೆರಳಿನ ಪಟ್ಟಿಯೊಳಗಿದ್ದ ಊರುಗಳಲ್ಲಿ ಎರಡು ನಿಮಿಷಕ್ಕೂ ಹೆಚ್ಚು ಹೊತ್ತು ಹಗಲು ಅಡಗಿತು; ಕಪ್ಪು ಬಿಂಬದ ಸುತ್ತ ಸೂರ್ಯನ ಬೆಳ್ಳನೆಯ ಕಿರೀಟ ತೋರಿತು. ತೋರಿತು ಎಂದು ನಾನು ಹೇಳುತ್ತಿರುವುದು ಓದಿದ ಬಲದಿಂದ. ನಾನು ಕಂಡವನಲ್ಲ.

ನಮ್ಮ ಮನೆ ಆ ಪಟ್ಟಿಯೊಳಗೇ ಇತ್ತು. ಗದಗ ಸೀಮೆಯ ಒಂದು ಊರು. ನನಗೆ ಹನ್ನೆರಡು ವರ್ಷ. ಅಜ್ಜಿ ನೀರಿನ ಕೊಡಗಳಿಗೆ ದರ್ಭೆ ಹಾಕಿ, ಕಿಟಕಿಗಳಿಗೆ ಕಂಬಳಿ ಇಳಿಬಿಟ್ಟು, ‘ಹೊರಗ ಹೋದ್ರ ಕಣ್ಣು ಹೋಗ್ತಾವ, ಸುಮ್ಮನ ಕೂಡ್ರೋ ತಮ್ಮಾ’ ಎಂದು ನನ್ನನ್ನು ದೇವರ ಕೋಣೆಯಲ್ಲಿ ಕೂಡಿಸಿದಳು. ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಅದೇ ಹೊತ್ತಿಗೆ, ನಮ್ಮ ಮನೆಯಿಂದ ಎರಡು ಓಣಿಗಳಾಚೆ, ಶಾಲೆಯ ಬಯಲಿನಲ್ಲಿ ನಮ್ಮ ವಿಜ್ಞಾನದ ಮಾಸ್ತರರು ಮೂವರು ಗೆಳೆಯರನ್ನು ಕೂಡಿಕೊಂಡು, ಒಂದು ಸಣ್ಣ ದೂರದರ್ಶಕದಿಂದ ಸೂರ್ಯನ ಬಿಂಬವನ್ನು ಬಿಳಿಯ ಹಾಳೆಯ ಮೇಲೆ ಬೀಳಿಸಿ, ಬಂದವರಿಗೆಲ್ಲ ತೋರಿಸುತ್ತಿದ್ದರು. ಆ ಮೂವರಲ್ಲಿ ಒಬ್ಬರು ಅಂಚೆಕಚೇರಿಯವರು, ಒಬ್ಬರು ಗಡಿಯಾರ ರಿಪೇರಿಯವರು, ಒಬ್ಬರು ಬಟ್ಟೆ ಅಂಗಡಿಯವರು. ಫಲಕವಿಲ್ಲ, ಚಂದಾ ಪುಸ್ತಕವಿಲ್ಲ. ಆದರೂ ಅದೊಂದು ಸಂಘ.

ಸೋಮವಾರ ತರಗತಿಯಲ್ಲಿ ಮಾಸ್ತರರು, ಗ್ರಹಣ ನೋಡಿದವರು ಕೈ ಎತ್ತಿರೆಂದರು. ಏಳು ಕೈ ಎದ್ದವು. ಅವರು ಉಳಿದವರನ್ನು ಬೈಯಲಿಲ್ಲ. ಒಂದೇ ಸ್ಥಳದಲ್ಲಿ ಪೂರ್ಣ ಸೂರ್ಯಗ್ರಹಣ ಮರಳಿ ಕಾಣಬೇಕಾದರೆ ಸರಾಸರಿಯಲ್ಲಿ ಮುನ್ನೂರೆಪ್ಪತ್ತು ವರ್ಷಗಳ ಮೇಲಾಗುತ್ತದೆಂದು ಹೇಳಿ, ಸುಣ್ಣದ ಕಡ್ಡಿ ಕೆಳಗಿಟ್ಟು, ಅಂದಿನ ಪಾಠಕ್ಕೆ ತೊಡಗಿದರು. ಆ ಲೆಕ್ಕ ನನ್ನ ಮನಸ್ಸಿನಿಂದ ಇಂದಿಗೂ ಹೋಗಿಲ್ಲ.

ಸಂಬಳವಿಲ್ಲದೆ, ಪದವಿಯ ಆಸೆಯಿಲ್ಲದೆ, ಆಕಾಶವನ್ನು ತಾವು ನೋಡಿ ಇತರರಿಗೂ ತೋರಿಸುವ ಇಂಥ ಜನರು ಎಲ್ಲಿಂದ ಬಂದರು, ಅವರು ಮಾಡಿದ್ದೇನು ಎಂಬ ವಿಚಾರವನ್ನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಈ ಕಥೆಯ ಒಂದು ಮುಖ್ಯ ಎಳೆ ಅಮೆರಿಕದಲ್ಲಿ ಆರಂಭವಾಗುತ್ತದೆ. ಆಕಾಶದಲ್ಲಿ ಕೆಲವು ನಕ್ಷತ್ರಗಳ ಕಾಂತಿ ಸ್ಥಿರವಲ್ಲ. ತಿಮಿಂಗಿಲ ನಕ್ಷತ್ರಪುಂಜದ ಮೀರಾ ಎಂಬುದು ಬರಿಗಣ್ಣಿಗೆ ಚೆನ್ನಾಗಿ ಕಾಣಿಸುವಷ್ಟು ಬೆಳಗಿ, ಬಳಿಕ ಕಣ್ಣಿಗೆ ನಿಲುಕದಷ್ಟು ಕುಂದಿ, ಸುಮಾರು ಹನ್ನೊಂದು ತಿಂಗಳಲ್ಲಿ ಮತ್ತೆ ಬೆಳಗುತ್ತದೆ. ಇಂಥವುಗಳಿಗೆ ಚಂಚಲ ನಕ್ಷತ್ರಗಳೆಂದು ಹೆಸರು. ಅವುಗಳ ಸ್ವಭಾವ ತಿಳಿಯಬೇಕಾದರೆ ಒಂದೆರಡು ರಾತ್ರಿ ನೋಡಿದರೆ ಸಾಲದು. ವರ್ಷಗಟ್ಟಲೆ, ದಶಕಗಟ್ಟಲೆ ನೋಡಬೇಕು. ಅಂಥ ತಾರೆಗಳೋ ಅಸಂಖ್ಯ. ವೀಕ್ಷಣಾಲಯದ ದೊಡ್ಡ ಯಂತ್ರಗಳು ಪ್ರತಿರಾತ್ರಿ ಅವುಗಳ ಕಾವಲಿಗೆ ನಿಲ್ಲುವಂತಿಲ್ಲ. ಹಾರ್ವರ್ಡ್ ವೀಕ್ಷಣಾಲಯದ ನಿರ್ದೇಶಕರಾಗಿದ್ದ ಎಡ್ವರ್ಡ್ ಪಿಕರಿಂಗ್ ಈ ತೊಡಕನ್ನು ಮನಗಂಡು, 1882ರಲ್ಲಿಯೇ ಹವ್ಯಾಸಿಗಳನ್ನು ಈ ಕೆಲಸಕ್ಕೆ ಕರೆದರು. 1911ರಲ್ಲಿ ವಿಲಿಯಂ ಟೈಲರ್ ಆಲ್ಕಟ್ ಎಂಬ, ವೃತ್ತಿಯಿಂದ ವಕೀಲರಾಗಿದ್ದ ಹವ್ಯಾಸಿಯೊಬ್ಬರು ಚದುರಿಹೋಗಿದ್ದ ವೀಕ್ಷಕರನ್ನು ಒಂದುಗೂಡಿಸಿ ಅಮೆರಿಕದ ಚಂಚಲ ನಕ್ಷತ್ರ ವೀಕ್ಷಕರ ಸಂಘವನ್ನು ಕಟ್ಟಿದರು.

ಅವರ ಕೆಲಸದ ರೀತಿ ಬಹಳ ಸರಳ. ವೀಕ್ಷಕನ ಕೈಯಲ್ಲಿ ಒಂದು ನಕ್ಷೆಯಿರುತ್ತದೆ. ಚಂಚಲ ನಕ್ಷತ್ರದ ಸುತ್ತಲಿನ ಸ್ಥಿರಕಾಂತಿಯ ತಾರೆಗಳನ್ನೂ ಅವುಗಳ ಕಾಂತಿಯ ಅಂಕಿಗಳನ್ನೂ ಅದರಲ್ಲಿ ಗುರುತಿಸಿರುತ್ತಾರೆ. ಇದಕ್ಕಿಂತ ಮಂದ, ಅದಕ್ಕಿಂತ ಪ್ರಖರ ಎಂದು ಹೋಲಿಸಿ, ದಶಾಂಶದ ಒಂದು ಸ್ಥಾನದವರೆಗೆ ಅಂದಾಜು ಮಾಡಿ, ವೇಳೆಯೊಂದಿಗೆ ಬರೆದಿಡಬೇಕು. ತಿಂಗಳ ಕೊನೆಗೆ ಆ ಪಟ್ಟಿಯನ್ನು ಸಂಘಕ್ಕೆ ಕಳುಹಿಸಬೇಕು. ಅಲ್ಲಿ ಯಾರೋ ಅದನ್ನು ಇತರರ ಪಟ್ಟಿಗಳೊಡನೆ ಸೇರಿಸಿ ರೇಖೆ ಎಳೆಯಬೇಕು. ಒಬ್ಬನ ಒಂದು ಅಂಕಿಗೆ ಹೆಚ್ಚು ಬೆಲೆಯಿಲ್ಲ. ನೂರು ಜನರ ಸಾವಿರ ಅಂಕಿಗಳು ಕೂಡಿದಾಗ ಒಂದು ನಕ್ಷತ್ರದ ಚರಿತ್ರೆ ಮೂಡುತ್ತದೆ. ಇದು ಕವಿಯ ಕೆಲಸವಲ್ಲ, ಗುಮಾಸ್ತನ ಕೆಲಸ. ಆ ಮಾತನ್ನು ನಾನು ಗೌರವದಿಂದಲೇ ಆಡುತ್ತಿದ್ದೇನೆ.

ಇವರಲ್ಲೊಬ್ಬರು ನಿಜವಾಗಿಯೂ ಗುಮಾಸ್ತರಾಗಿದ್ದರು, ನಮ್ಮ ದೇಶದವರೇ ಆಗಿದ್ದರು. ರಾಧಾಗೋವಿಂದ ಚಂದ್ರ ಹುಟ್ಟಿದ್ದು 1878ರಲ್ಲಿ, ಇಂದು ಬಾಂಗ್ಲಾದೇಶಕ್ಕೆ ಸೇರಿರುವ ಜೆಸ್ಸೋರಿನ ಬಳಿಯ ಬಾಗ್ಚರ್ ಎಂಬ ಹಳ್ಳಿಯಲ್ಲಿ. ಪ್ರವೇಶ ಪರೀಕ್ಷೆಯಲ್ಲಿ ಮೂರು ಸಲ ನಪಾಸಾಗಿ ಓದನ್ನು ಬಿಟ್ಟರು. ಜೆಸ್ಸೋರಿನ ಸರಕಾರಿ ಖಜಾನೆಯಲ್ಲಿ ನಾಣ್ಯ ಪರೀಕ್ಷಿಸುವ ಕೆಲಸ ಸಿಕ್ಕಿತು. ಹಗಲಿನಲ್ಲಿ ರೂಪಾಯಿಯ ಖರೆ ಖೋಟಿ ನೋಡುತ್ತಿದ್ದ ಕಣ್ಣು ರಾತ್ರಿ ತಾರೆಗಳ ಏರಿಳಿತವನ್ನು ನೋಡಿತು. 1910ರಲ್ಲಿ ಹ್ಯಾಲಿ ಧೂಮಕೇತು ಬಂದಾಗ ಅದನ್ನು ದುರ್ಬೀನಿನಿಂದ ನೋಡಿದರು. 1912ರಲ್ಲಿ ಇಂಗ್ಲೆಂಡಿನಿಂದ ಮೂರು ಅಂಗುಲದ ದೂರದರ್ಶಕವೊಂದನ್ನು ತರಿಸಿಕೊಂಡರು. ಆ ಸಂಬಳದ ಮನುಷ್ಯನಿಗೆ ಅದೆಷ್ಟು ದೊಡ್ಡ ಖರ್ಚು ಎಂಬುದನ್ನು ಯಾರಾದರೂ ಊಹಿಸಬಹುದು.

1918ರ ಜೂನ್ ತಿಂಗಳಿನಲ್ಲಿ ಗರುಡ ನಕ್ಷತ್ರಪುಂಜದಲ್ಲಿ ಒಂದು ನವ್ಯತಾರೆ ಹಠಾತ್ತನೆ ಬೆಳಗಿತು. ಅದನ್ನು ಗುರುತಿಸಿದ ಮೊದಲಿಗರಲ್ಲಿ ಜೆಸ್ಸೋರಿನ ಈ ಗುಮಾಸ್ತರೂ ಒಬ್ಬರು. ಅವರ ವೀಕ್ಷಣೆಯ ವಿವರಗಳು ಹಾರ್ವರ್ಡಿಗೆ ಹೋದವು. ಅಲ್ಲಿಂದ ಮೆಚ್ಚುಗೆಯೂ ಸಂಘಕ್ಕೆ ಸೇರಿರೆಂಬ ಆಹ್ವಾನವೂ ಬಂದವು. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಆ ಆಹ್ವಾನ ಬರಿಯ ಸೌಜನ್ಯವಲ್ಲ. ಅಮೆರಿಕದಲ್ಲಿ ಹಗಲಾಗಿರುವಾಗ ಬಂಗಾಳದಲ್ಲಿ ರಾತ್ರಿ. ಅವರ ವೀಕ್ಷಕರಿಗೆ ಕಾಣದೆ ತಪ್ಪಿಹೋಗುವ ಗಂಟೆಗಳು ಈತನಿಗೆ ಕಾಣುತ್ತವೆ. ಭೂಮಿಯ ಮೇಲೆ ತಾನು ನಿಂತ ಜಾಗವೇ ಈ ನಪಾಸಾದ ಮನುಷ್ಯನ ಅರ್ಹತೆಯಾಗಿತ್ತು. ಉಳಿದದ್ದನ್ನು ಆತನ ಕಣ್ಣು ಗಳಿಸಿತು.

1919ರಿಂದ 1954ರವರೆಗೆ ರಾಧಾಗೋವಿಂದರು ಸಂಘಕ್ಕೆ ಕಳುಹಿಸಿದ ವೀಕ್ಷಣೆಗಳು 37,215. 1926ರಲ್ಲಿ ಸಂಘ ಅವರಿಗೆ ಆರಂಗುಲದ ದೂರದರ್ಶಕವೊಂದನ್ನು ಎರವಲಾಗಿ ಕಳುಹಿಸಿತು. ಅದರ ಮೂಲ ಒಡೆಯ ಚಾರ್ಲ್ಸ್ ಎಲ್ಮರ್, ಅವರೂ ಹವ್ಯಾಸಿಯೇ. ಅವರ ಕಸುಬು ನ್ಯೂಯಾರ್ಕಿನಲ್ಲಿ ನ್ಯಾಯಾಲಯದ ಕಲಾಪಗಳನ್ನು ಬರೆದುಕೊಳ್ಳುವುದು. ಒಬ್ಬ ಬರಹದ ಗುಮಾಸ್ತನಿಂದ ಇನ್ನೊಬ್ಬ ಖಜಾನೆಯ ಗುಮಾಸ್ತನಿಗೆ ಆ ಯಂತ್ರ ಸಮುದ್ರ ದಾಟಿ ಬಂತು. 1928ರಲ್ಲಿ ಫ್ರಾನ್ಸ್ ಸರಕಾರ ಅವರಿಗೆ ಗೌರವ ಪದವಿಯನ್ನಿತ್ತಿತು. ದೇಶ ಒಡೆದ ಮೇಲೆ ಅವರು ಹುಟ್ಟೂರನ್ನು ಬಿಟ್ಟು ಕಲ್ಕತ್ತೆಯ ಹತ್ತಿರದ ಬಾರಾಸತ್‌ನಲ್ಲಿ ನೆಲೆಸಿ, ಅಲ್ಲಿಂದಲೂ ಪಟ್ಟಿಗಳನ್ನು ಕಳುಹಿಸಿದರು. ನಕ್ಷೆಯಲ್ಲಿ ಗಡಿ ಎದ್ದಿತು. ಮೀರಾ ಮಾತ್ರ ತನ್ನ ಹನ್ನೊಂದು ತಿಂಗಳ ಲೆಕ್ಕವನ್ನು ತಪ್ಪಲಿಲ್ಲ, ಅದನ್ನು ಬರೆಯುವವರೂ ತಪ್ಪಲಿಲ್ಲ.

ಇನ್ನೊಬ್ಬರು ಅಮೆರಿಕದ ಓಹಾಯೋ ಪ್ರಾಂತದ ಡೆಲ್ಫಾಸ್ ಎಂಬ ಊರಿನ ರೈತ ಲೆಸ್ಲಿ ಪೆಲ್ಟಿಯರ್. ಹುಡುಗನಾಗಿದ್ದಾಗ ಸ್ಟ್ರಾಬೆರಿ ಹಣ್ಣು ಬಿಡಿಸಿ ಕೂಡಿಸಿದ 18 ಡಾಲರುಗಳಿಂದ ತಮ್ಮ ಮೊದಲ ದೂರದರ್ಶಕವನ್ನು ಕೊಂಡರು. 1918ರಿಂದ 1980ರಲ್ಲಿ ತೀರಿಕೊಳ್ಳುವವರೆಗೂ ಸಂಘಕ್ಕೆ ವೀಕ್ಷಣೆಗಳನ್ನು ಕಳುಹಿಸುತ್ತಲೇ ಇದ್ದರು. ಹನ್ನೆರಡು ಧೂಮಕೇತುಗಳ ಶೋಧದಲ್ಲಿ ಅವರ ಪಾಲಿದೆ. ಆದರೆ ನನಗೆ ಅವರು ಹತ್ತಿರದವರೆನಿಸಿದ್ದು ಈ ಗೆಲುವುಗಳಿಂದಲ್ಲ. ಉತ್ತರ ಕಿರೀಟವೆಂಬ ನಕ್ಷತ್ರಪುಂಜದಲ್ಲಿ 1866ರಲ್ಲಿ ಒಮ್ಮೆ ಸಿಡಿದು ಬೆಳಗಿ ಮತ್ತೆ ಮಂಕಾಗಿದ್ದ ಒಂದು ತಾರೆಯಿತ್ತು. ಅದು ಮತ್ತೊಮ್ಮೆ ಸಿಡಿಯಬಹುದೆಂಬ ನಿರೀಕ್ಷೆಯಿಂದ ಪೆಲ್ಟಿಯರ್ ಇಪ್ಪತ್ತೈದು ವರ್ಷ ಅದನ್ನು ಕಾದರು. 1946ರ ಫೆಬ್ರವರಿಯ ಒಂದು ರಾತ್ರಿ, ಎರಡೂವರೆಗೆ ಎದ್ದವರು ನೆಗಡಿ ಹಿಡಿಯುವ ಸೂಚನೆ ಕಂಡು ಮತ್ತೆ ಹಾಸಿಗೆಗೆ ಮರಳಿದರು. ಆ ರಾತ್ರಿಯೇ ಆ ತಾರೆ ಬೆಳಗಿತು. 1965ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಅವರು ಇದನ್ನು ಮುಚ್ಚಿಡದೆ ಹೇಳಿಕೊಂಡಿದ್ದಾರೆ. ಅದನ್ನು ಓದಿದಾಗ, ಕಂಬಳಿ ಇಳಿಬಿಟ್ಟ ದೇವರ ಕೋಣೆಯಲ್ಲಿ ಕೂತಿದ್ದ ಹುಡುಗನಿಗೆ ಒಬ್ಬ ಜೊತೆಗಾರ ಸಿಕ್ಕಂತಾಯಿತು. ಒಂದು ವ್ಯತ್ಯಾಸ ಉಂಟು: ನಾನು ಒಂದು ದಿನವೂ ಕಾಯದೆ ಕಳೆದುಕೊಂಡೆ. ಅವರು ಇಪ್ಪತ್ತೈದು ವರ್ಷ ಕಾದು ಕಳೆದುಕೊಂಡರು. ಕಳೆದುಕೊಂಡ ಮೇಲೂ ಮೂವತ್ತನಾಲ್ಕು ವರ್ಷ ದೂರದರ್ಶಕವನ್ನು ಬಿಡಲಿಲ್ಲ. ಆ ಎರಡು ಸಿಡಿತಗಳ ಅಂತರವಾದ ಎಂಬತ್ತು ವರ್ಷಗಳ ಲೆಕ್ಕವನ್ನು ಹಿಡಿದು, 2023ರಿಂದೀಚೆಗೆ ಲೋಕದ ವೀಕ್ಷಕರು ಅದೇ ತಾರೆಯನ್ನು ಮತ್ತೆ ಕಾಯತೊಡಗಿದರು.

ಸಂಘವೆಂದರೆ ನೋಡುವವರು ಮಾತ್ರವಲ್ಲ. ನಕ್ಷೆಗಳ ಪ್ರತಿ ತೆಗೆಯುವವರು, ಕಾಗದಗಳಿಗೆ ಉತ್ತರ ಬರೆಯುವವರು, ಬಾಡಿಗೆ ಹೊಂದಿಸುವವರು ಇಲ್ಲದಿದ್ದರೆ ನೋಡಿದ್ದೆಲ್ಲ ಗಾಳಿಗೆ ಹೋದಂತೆಯೇ. ಈ ಸಂಘಕ್ಕೆ ಬಹುಕಾಲ ಹಾರ್ವರ್ಡಿನ ಆಶ್ರಯವಿತ್ತು. 1953-54ರಲ್ಲಿ ಆ ಆಶ್ರಯ ತಪ್ಪಿತು; ದಾಖಲೆಗಳ ಗಂಟನ್ನು ಹೊತ್ತು ಹೊರಗೆ ಬರಬೇಕಾಯಿತು. ಆಗ ಅದರ ನಿರ್ದೇಶಕಿಯಾಗಿದ್ದವರು ಮಾರ್ಗರೆಟ್ ಮೇಯಲ್. ಒಂದು ಸಣ್ಣ ಬಾಡಿಗೆ ಕಚೇರಿಯಲ್ಲಿ, ಅಲ್ಪ ಸಂಬಳಕ್ಕೆ, ಕೆಲವೊಮ್ಮೆ ಅದೂ ಇಲ್ಲದೆ, ಅವರು ಸಂಘವನ್ನು ಉಳಿಸಿಕೊಂಡರು. 1973ರವರೆಗೂ ಆ ಹೊಣೆಯನ್ನು ಹೊತ್ತರು. ಅಂದು ಅವರು ಬೇಸತ್ತು ಬಾಗಿಲು ಹಾಕಿದ್ದರೆ ಜೆಸ್ಸೋರಿನ ಮೂವತ್ತೇಳು ಸಾವಿರ ಅಂಕಿಗಳ ಗತಿಯೇನಾಗುತ್ತಿತ್ತೋ! ಇಂದು ಆ ಸಂಗ್ರಹದಲ್ಲಿ ಕೋಟಿಗಟ್ಟಲೆ ವೀಕ್ಷಣೆಗಳಿವೆ. ಅಂತರಿಕ್ಷದಲ್ಲಿರುವ ಹಬಲ್ ದೂರದರ್ಶಕವನ್ನು ಕೆಲವು ಸಿಡಿಯುವ ತಾರೆಗಳ ಕಡೆ ತಿರುಗಿಸುವ ಮೊದಲು, ಅವು ಆಗ ಶಾಂತವಾಗಿವೆಯೇ ಎಂದು ವಿಜ್ಞಾನಿಗಳು ಹವ್ಯಾಸಿಗಳನ್ನು ಕೇಳಿದ್ದುಂಟು. ಅತಿಯಾದ ಬೆಳಕು ಅದರ ಸೂಕ್ಷ್ಮೋಪಕರಣಕ್ಕೆ ಅಪಾಯ.

ರಾಧಾಗೋವಿಂದರ ದೂರದರ್ಶಕದ ಕಥೆ ಇನ್ನೂ ಮುಗಿದಿಲ್ಲ. ಅವರು ಅದನ್ನು ಬಿಟ್ಟುಕೊಟ್ಟ ಮೇಲೆ ಅದು ವೇಣು ಬಾಪು ಅವರ ಕೈ ಸೇರಿತು. ಬಾಪು ಅವರ ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿದ್ದರು; ಮಗ ವಿದ್ಯಾರ್ಥಿಯಾಗಿದ್ದಾಗಲೇ ಚಂಚಲ ನಕ್ಷತ್ರಗಳ ಬೆನ್ನು ಹತ್ತಿದ್ದವರು. ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದವರೂ, ತಮಿಳುನಾಡಿನ ಕಾವಲೂರಿನಲ್ಲಿ ವೀಕ್ಷಣಾಲಯವನ್ನು ಎಬ್ಬಿಸಿದವರೂ ಅವರೇ. ಆ ಆರಂಗುಲದ ಯಂತ್ರ ಕೊನೆಗೆ ಕಾವಲೂರನ್ನು ಮುಟ್ಟಿತು. 1975ರಲ್ಲಿ ರಾಧಾಗೋವಿಂದರು ತೀರಿಕೊಂಡರು. 1986ರಲ್ಲಿ ಅದೇ ಕಾವಲೂರಿನಲ್ಲಿ 2.34 ಮೀಟರಿನ ದೊಡ್ಡ ದೂರದರ್ಶಕ ಉದ್ಘಾಟನೆಯಾಯಿತು; ಅದಕ್ಕೆ ನಾಲ್ಕು ವರ್ಷ ಮೊದಲು ಕಣ್ಮರೆಯಾಗಿದ್ದ ಬಾಪು ಅವರ ಹೆಸರನ್ನೇ ಅದಕ್ಕಿಟ್ಟರು.

ನಮ್ಮಲ್ಲೂ ಇಂಥ ಸಂಘಗಳು ಹುಟ್ಟಿದವು: ಪುಣೆಯ ಜ್ಯೋತಿರ್ವಿದ್ಯಾ ಪರಿಸಂಸ್ಥೆ 1944ರದು, ಬೆಂಗಳೂರಿನ ಹವ್ಯಾಸಿಗಳ ಸಂಘ 1976ರದು. ಹೆಸರಿಲ್ಲದ ಸಣ್ಣ ಊರ ಕೂಟಗಳೆಷ್ಟೋ. ಅಂಥದೊಂದಕ್ಕೆ ನಾನು ಸೇರಿದ್ದು 1986ರ ಮಾರ್ಚಿನಲ್ಲಿ, ಹ್ಯಾಲಿ ಧೂಮಕೇತು ಮರಳಿ ಬಂದಾಗ. ಬೆಳಗಿನ ಜಾವ ಶಾಲೆಯ ಮಾಳಿಗೆಯ ಮೇಲೆ ಊರಿನ ಜನ ಸಾಲುಗಟ್ಟಿ ನಿಂತಿದ್ದರು. ಮಾಸ್ತರರು ನನ್ನ ಕೈಗೆ ಕೆಂಪು ಕಾಗದ ಸುತ್ತಿದ ಬ್ಯಾಟರಿಯನ್ನೂ ಒಂದು ರಿಜಿಸ್ಟರನ್ನೂ ಕೊಟ್ಟು, ಬಂದವರ ಲೆಕ್ಕ ಬರೆಯೆಂದರು. ಬರೆದು ಮುಗಿಸಿ ಹಿಂದಿನ ಹಾಳೆಗಳನ್ನು ತಿರುವಿದೆ. 16-2-1980ರ ಪುಟ ಸಿಕ್ಕಿತು. ಗ್ರಹಣ ಹಿಡಿದ ವೇಳೆ, ಬಿಟ್ಟ ವೇಳೆ, ಆಕಾಶದ ಸ್ಥಿತಿ, ಬಂದವರು ಹತ್ತೊಂಬತ್ತು. ಕೆಳಗೆ ಒಂದು ಸಾಲು: ‘ಹುಡುಗರು ಕಡಿಮೆ.’

ಅದರಲ್ಲಿ ದೂರಿರಲಿಲ್ಲ. ಮೋಡವಿದ್ದರೆ ಮೋಡವೆಂದು ಬರೆಯುವ ಹಾಗೆ ಅದನ್ನೂ ಬರೆದಿದ್ದರು. ನನ್ನ ಗೈರುಹಾಜರಿಯೂ ಲೆಕ್ಕಕ್ಕೆ ಬಂದಿತ್ತು.

ಮಾಸ್ತರರು ಈಗಿಲ್ಲ. ಅಂಚೆಯವರೂ ಇಲ್ಲ, ಗಡಿಯಾರದವರೂ ಇಲ್ಲ. ಮಾಳಿಗೆಯ ಕೋಣೆಯ ಕೀಲಿ ನನ್ನ ಬಳಿಯಿದೆ. ಊರ ದೀಪಗಳು ಹೆಚ್ಚಾಗಿ ಮಂದ ತಾರೆಗಳು ಮರೆಯಾಗಿವೆ. ಆದರೂ ತಿಂಗಳಿಗೊಮ್ಮೆ ಬಾಗಿಲು ತೆರೆಯುತ್ತೇವೆ. ಕೆಲವೊಮ್ಮೆ ಮೂವತ್ತು ಮಕ್ಕಳು ಬರುತ್ತಾರೆ. ಕಳೆದ ಸಲ ಬಂದವರು ಒಬ್ಬ ತಾಯಿ ಮತ್ತು ಆಕೆಯ ಮಗಳು. ಹುಡುಗಿ ಶನಿಯ ಬಳೆಯನ್ನು ನೋಡಿ, ಯಾರಾದರೂ ಒಳಗೆ ಚಿತ್ರ ಅಂಟಿಸಿದ್ದಾರೋ ಎಂದು ದೂರದರ್ಶಕದ ಮುಂತುದಿಯನ್ನು ಹೋಗಿ ಪರೀಕ್ಷಿಸಿದಳು. ಮರಳಿ ಬಂದು ಮತ್ತೊಮ್ಮೆ ನೋಡಿದಳು. ಅವರು ಹೋದ ಮೇಲೆ ನಾನು ರಿಜಿಸ್ಟರು ತೆಗೆದು ಬರೆದೆ: ಆಕಾಶ ನಿರ್ಮಲ; ಬಂದವರು ಇಬ್ಬರು.