ಹೊಟ್ಟೆ ತುಂಬ್ತು ಅನ್ನೋದು ಯಾರು?

ಸೂಲಿಬೆಲೆಯ ನಮ್ಮ ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ. ಮುದ್ದೆ ಉಂಡೆದ್ದ ಮೇಲೂ "ಹೊಟ್ಟೆ ತುಂಬ್ಲಿಲ್ಲ ಕಣೋ" ಅಂತಾರೆ. "ಎಲ್ಲಾ ನಿಮ್ಮ ನಾಲಿಗೆ ಚಪಲ ದೊಡ್ಡಪ್ಪ" ಅಂತ ಎಷ್ಟೋ ಸಲ ರೇಗಿದ್ದೆ.

ಹಸಿವಿನ ಚರಿತ್ರೆ ಓದಿದ ಮೇಲೆ ನಾಚಿಕೆಯಾಯ್ತು. 1940ರಲ್ಲಿ ಹೆದರಿಂಗ್ಟನ್ ಮತ್ತು ರಾನ್ಸನ್ ಇಲಿಗಳ ಮೆದುಳಿನ ಬುಡದಲ್ಲಿರುವ ಹೈಪೋಥಾಲಮಸ್‌ಗೆ ಗಾಯ ಮಾಡಿ ನೋಡಿದರು. ಇಲಿಗಳು ವಿಪರೀತ ಊದಿಕೊಂಡವು. 1951ರಲ್ಲಿ ನಮ್ಮ ದೇಶದವರೇ ಆದ ಬಿ. ಕೆ. ಆನಂದ್, ಅಮೆರಿಕದ ಯೇಲ್‌ನಲ್ಲಿ ಬ್ರೋಬೆಕ್ ಜೊತೆ ಸೇರಿ ಅದರ ಪಕ್ಕದ ಭಾಗಕ್ಕೆ ಗಾಯ ಮಾಡಿದಾಗ ಇಲಿಗಳು ತಿನ್ನೋದನ್ನೇ ಬಿಟ್ಟವು!

ಮನುಷ್ಯರ ತಲೆಗೆ ಹಾಗೆ ಕೈ ಹಾಕೋಕಾಗುತ್ತಾ? 1990ರಲ್ಲಿ ಸೇಜಿ ಒಗಾವಾ, ರಕ್ತದ ಆಮ್ಲಜನಕದ ಏರಿಳಿತ ಹಿಡಿದು ಮೆದುಳಿನ ಕೆಲಸವನ್ನು ಎಂಆರ್‌ಐನಲ್ಲಿ ನೋಡುವ ದಾರಿ ತೋರಿಸಿದರು. 1999ರಲ್ಲಿ ಟೆಕ್ಸಾಸ್‌ನಲ್ಲಿ ಗ್ಲೂಕೋಸ್ ಕುಡಿಸಿ ಚಿತ್ರ ತೆಗೆದರು. ತೆಳ್ಳಗಿದ್ದವರ ಹೈಪೋಥಾಲಮಸ್ ಕೆಲವೇ ನಿಮಿಷಗಳಲ್ಲಿ ತಣ್ಣಗಾಯ್ತು. ಬೊಜ್ಜಿದ್ದವರಲ್ಲಿ ತಡವಾಗಿ, ಅದೂ ಕಮ್ಮಿ. 2007ರಲ್ಲಿ ನೆದರ್‌ಲೆಂಡ್ಸ್‌ನವರು ಟೈಪ್ 2 ಸಕ್ಕರೆ ಕಾಯಿಲೆಯವರನ್ನು ನೋಡಿದಾಗ ಅದು ತಣ್ಣಗಾಗಲೇ ಇಲ್ಲ.

ಇವೆಲ್ಲ ಬೆರಳೆಣಿಕೆಯ ಜನರ ಮೇಲಿನ ಪರೀಕ್ಷೆಗಳು. ದೊಡ್ಡಪ್ಪನ ತಲೆಯೊಳಗೆ ಯಾರೂ ಇಣುಕಿಲ್ಲ. ಪಥ್ಯವಂತೂ ತಪ್ಪಿದ್ದಲ್ಲ. ಆದರೆ "ನಾಲಿಗೆ ಚಪಲ" ಅನ್ನೋ ಮಾತನ್ನ ನಾನು ಬಿಟ್ಟುಬಿಟ್ಟೆ.. ನಿಮ್ಮನೆಯಲ್ಲೂ ಯಾರಾದ್ರೂ ಹೀಗೆ ಬೈಸಿಕೊಳ್ತಿದ್ದಾರಾ?